ನಮ್ಮ ಜಿಲ್ಲೆಯ ಗೆರೆ ಎಲ್ಲಿದೆ?



ವಿಜಯದಶಮಿಯ ದಿನ ನಮ್ಮ ಬನ್ನಿಮಂಟಪದಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಅರಮನೆಯಿಂದ ಹೊರಟ ಮೆರವಣಿಗೆ ಇಲ್ಲಿಗೇ ಬಂದು ಮುಗಿಯುತ್ತದೆ. ರಸ್ತೆಯ ಎರಡೂ ಕಡೆ ಜನ. ಮಾಳಿಗೆ ಮೇಲೂ ಜನ. ಎಲ್ಲರೂ ಕಾಯುವುದು ಚಿನ್ನದ ಅಂಬಾರಿಗೆ. ಅಂಬಾರಿಗೆ ಮೊದಲು ಸ್ತಬ್ಧಚಿತ್ರಗಳು ಬರುತ್ತವೆ. ಒಂದರ ಮೇಲೆ ದೇವಸ್ಥಾನ, ಒಂದರ ಮೇಲೆ ಜಲಪಾತ, ಒಂದರ ಮೇಲೆ ಕಾಫಿ ಗಿಡ. ಒಂದೊಂದರ ಮುಂದೆಯೂ ಒಂದು ಹೆಸರು ಬರೆದಿರುತ್ತದೆ. ಬೀದರ್, ಕೊಡಗು, ಉಡುಪಿ, ಹಾವೇರಿ. ಮೊದಲು ನೀವು ಬೊಂಬೆ ಮಾತ್ರ ನೋಡುತ್ತಿದ್ದಿರಿ. ಈಗ ಹೆಸರನ್ನೂ ಓದುತ್ತೀರಿ.

ಇವೆಲ್ಲ ಜಿಲ್ಲೆಗಳ ಹೆಸರು. ಈಗ ನಮ್ಮ ಕರ್ನಾಟಕದಲ್ಲಿ 31 ಜಿಲ್ಲೆಗಳಿವೆ. 1956ರಲ್ಲಿ ಇದ್ದದ್ದು 19. 1996ರಲ್ಲಿ ಇದ್ದದ್ದು 20. ಹಾಗಾದರೆ ನಮ್ಮ ನಾಡು ದೊಡ್ಡದಾಯಿತೇ?

ಇಲ್ಲ. ಒಂದು ಮನೆಯನ್ನು ನೆನೆಸಿಕೊಳ್ಳಿ. ಮೂರು ಜನ ಅಣ್ಣತಮ್ಮಂದಿರು ಒಟ್ಟಿಗೆ ಇದ್ದರು. ಮಕ್ಕಳು ಮರಿ ಹೆಚ್ಚಾದರು. ಒಂದೇ ಒಲೆಯಲ್ಲಿ ಎಲ್ಲರಿಗೂ ಬೇಯಿಸೋಕೆ ಆಗಲಿಲ್ಲ. ನಡುವೆ ಗೋಡೆ ಎದ್ದಿತು. ಒಲೆ ಬೇರೆ ಆಯಿತು. ನೆಲ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಜಿಲ್ಲೆಗಳು ಹೆಚ್ಚಾಗುವುದೂ ಹೀಗೆಯೇ.

ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆ

ನಮ್ಮ ದೇಶ ಭಾರತ. ದೆಹಲಿಯಲ್ಲಿ ಕೂತು ಇಷ್ಟು ದೊಡ್ಡ ದೇಶದ ಒಂದೊಂದು ಹಳ್ಳಿಯನ್ನೂ ನೋಡಿಕೊಳ್ಳೋಕೆ ಆಗುತ್ತದೆಯೇ? ಆಗಲ್ಲ. ಅದಕ್ಕೆ ದೇಶವನ್ನು ರಾಜ್ಯಗಳಾಗಿ ಮಾಡಿದ್ದಾರೆ. ಈಗ 28 ರಾಜ್ಯಗಳಿವೆ. ಜೊತೆಗೆ 8 ಕೇಂದ್ರಾಡಳಿತ ಪ್ರದೇಶಗಳಿವೆ. ರಾಜ್ಯದೊಳಗೆ ಜಿಲ್ಲೆ. ಜಿಲ್ಲೆಯೊಳಗೆ ತಾಲ್ಲೂಕು. ತಾಲ್ಲೂಕಿನೊಳಗೆ ಹೋಬಳಿ. ಹೋಬಳಿಯೊಳಗೆ ಹಳ್ಳಿ. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆ ಇಟ್ಟ ಹಾಗೆ.

ನಮ್ಮ ಮೈಸೂರು ಜಿಲ್ಲೆಯಲ್ಲಿ 9 ತಾಲ್ಲೂಕುಗಳಿವೆ. ಮೈಸೂರು, ನಂಜನಗೂಡು, ತಿ. ನರಸೀಪುರ, ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಕೃಷ್ಣರಾಜನಗರ ಇವು ಹಳೆಯವು. ಸರಗೂರು, ಸಾಲಿಗ್ರಾಮ ಎರಡೂ ಈಚೆಗೆ ಆದವು. ಮೈಸೂರು ತಾಲ್ಲೂಕಿನೊಳಗೆ ಕಸಬಾ, ವರುಣ, ಇಲವಾಲ, ಜಯಪುರ ಅಂತ ಹೋಬಳಿಗಳು. ಕಸಬಾ ಅನ್ನುವ ಹೋಬಳಿ ಬಹಳ ತಾಲ್ಲೂಕುಗಳಲ್ಲಿ ಸಿಗುತ್ತದೆ. ತಾಲ್ಲೂಕಿನ ಮುಖ್ಯ ಊರು ಇರುವ ಹೋಬಳಿಗೆ ಆ ಹೆಸರು.

ದೇಶದಲ್ಲಿ 750ಕ್ಕೂ ಹೆಚ್ಚು ಜಿಲ್ಲೆಗಳಿವೆ. ಎಲ್ಲವೂ ಒಂದೇ ಅಳತೆ ಅಂತ ತಿಳಿಯಬೇಡಿ. ಗುಜರಾತಿನ ಕಚ್ಛ್ ಒಂದೇ ಜಿಲ್ಲೆ ನಮ್ಮ ಇಡೀ ಕರ್ನಾಟಕದ ಕಾಲು ಭಾಗದಷ್ಟಿದೆ. ಕೇರಳದ ಕಣ್ಣೂರಿನ ಪಕ್ಕ ಮಾಹೆ ಅಂತ ಇದೆ. ಅದು ಪುದುಚೇರಿಗೆ ಸೇರಿದ ಜಿಲ್ಲೆ. ಬರೀ 9 ಚದರ ಕಿಲೋಮೀಟರು. ಬೆಳಗ್ಗೆ ನಡೆಯೋಕೆ ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಜಿಲ್ಲೆಯೆಲ್ಲ ಸುತ್ತಿ ಬರಬಹುದು!

ಮೊದಲು ಏನಿತ್ತು?

ನೆಲವನ್ನು ಭಾಗ ಮಾಡುವುದು ಹೊಸದಲ್ಲ. ಹಳೆಯ ಕಾಲದಲ್ಲಿ ನಾಡು ಅಂತಿದ್ದರು, ಸೀಮೆ ಅಂತಿದ್ದರು. ಈಗಲೂ ನಮ್ಮ ಕಡೆ ‘ಅವರು ಆ ಸೀಮೆಯವರು’ ಅನ್ನುತ್ತೇವೆ. ಸೀಮೆ ಅಂದರೆ ಗಡಿ. ನಮ್ಮ ಬನ್ನಿಮಂಟಪವೇ ಒಂದು ಕಾಲಕ್ಕೆ ಊರಾಚೆಯ ಜಾಗ. ವಿಜಯದಶಮಿಯ ದಿನ ಊರಿನ ಗಡಿ ದಾಟಿ ಹೋಗಿ ಬನ್ನಿ ಮರಕ್ಕೆ ಪೂಜೆ ಮಾಡುವುದು ಹಳೆಯ ವಾಡಿಕೆ. ಸೀಮೋಲ್ಲಂಘನ ಅಂತ ಅದಕ್ಕೆ ಹೆಸರು. ಈಗ ಊರು ಬನ್ನಿಮಂಟಪವನ್ನೂ ದಾಟಿ ಎಷ್ಟೋ ದೂರ ಬೆಳೆದಿದೆ. ಪೂಜೆ ಇದ್ದಲ್ಲೇ ಇದೆ. ಗಡಿ ಮುಂದೆ ಹೋಯಿತು.

ಈಗಿನ ರೀತಿಯ ಜಿಲ್ಲೆಗಳು ಬಂದದ್ದು ಬ್ರಿಟಿಷರ ಕಾಲದಲ್ಲಿ. 1831ರಲ್ಲಿ ಅವರು ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಕಮಿಷನರ್ ಅನ್ನುವ ಅಧಿಕಾರಿ ಬಂದರು. ಬೌರಿಂಗ್ ಅನ್ನುವವರು ಕಮಿಷನರ್ ಆಗಿದ್ದಾಗ, 1860ರ ನಂತರದ ವರ್ಷಗಳಲ್ಲಿ, ಸಂಸ್ಥಾನದಲ್ಲಿ 8 ಜಿಲ್ಲೆಗಳಾದವು. ಅವುಗಳಲ್ಲಿ ನಮ್ಮ ಮೈಸೂರೂ ಒಂದು. 1881ರಲ್ಲಿ ಅಧಿಕಾರ ಮಹಾರಾಜರಿಗೆ ವಾಪಸ್ ಬಂತು. ಜಿಲ್ಲೆಗಳು ಮಾತ್ರ ಹೋಗಲಿಲ್ಲ, ಉಳಿದವು.

ಆ ಕಾಲದ ಮೈಸೂರು ಜಿಲ್ಲೆ ಬಹಳ ದೊಡ್ಡದು. ಶ್ರೀರಂಗಪಟ್ಟಣ ನಮ್ಮ ಜಿಲ್ಲೆಯಲ್ಲೇ ಇತ್ತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯಿತು. ಶ್ರೀರಂಗಪಟ್ಟಣ ಅದಕ್ಕೆ ಸೇರಿತು. ಈಗ ಬನ್ನಿಮಂಟಪದಿಂದ ಬೆಂಗಳೂರು ರಸ್ತೆಯಲ್ಲಿ ಹೋದರೆ, ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಜಿಲ್ಲೆ ಬದಲಾಗಿರುತ್ತದೆ. ಕನ್ನಂಬಾಡಿ ಕಟ್ಟೆಯನ್ನು ನಾವೆಲ್ಲ ‘ನಮ್ಮ ಮೈಸೂರಿನ ಕಟ್ಟೆ’ ಅನ್ನುತ್ತೇವೆ. ಕಾಗದದ ಪ್ರಕಾರ ಅದು ಇರುವುದು ಮಂಡ್ಯ ಜಿಲ್ಲೆಯಲ್ಲಿ. ನೀರಿಗೆ ಈ ಲೆಕ್ಕ ಗೊತ್ತಿಲ್ಲ. ಅದು ಎರಡೂ ಜಿಲ್ಲೆಗೆ ಹರಿಯುತ್ತದೆ.

ಮಾದಪ್ಪನ ಬೆಟ್ಟ ಯಾವ ಜಿಲ್ಲೆ?

ನಮ್ಮಲ್ಲಿ ಮಾದಪ್ಪನ ಒಕ್ಕಲು ಬಹಳ ಮನೆಗಳಿವೆ. ಬೆಟ್ಟಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ, ಆ ಬೆಟ್ಟ ಯಾವ ಜಿಲ್ಲೆ ಅಂತ. ವಯಸ್ಸಾದವರು ಮೈಸೂರು ಜಿಲ್ಲೆ ಅನ್ನುತ್ತಾರೆ. ಮಕ್ಕಳು ಚಾಮರಾಜನಗರ ಜಿಲ್ಲೆ ಅನ್ನುತ್ತಾರೆ. ಯಾರು ಸರಿ?

ಇಬ್ಬರೂ ಸರಿ. ಇನ್ನೂ ಒಂದು ತಲೆಮಾರು ಹಿಂದೆ ಹೋದರೆ ಬೇರೆ ಉತ್ತರ ಸಿಗುತ್ತದೆ.

ಬೆಟ್ಟ ಇದ್ದದ್ದು ಕೊಳ್ಳೇಗಾಲ ತಾಲ್ಲೂಕಿನಲ್ಲಿ. 1956ಕ್ಕೆ ಮೊದಲು ಕೊಳ್ಳೇಗಾಲ ಮೈಸೂರು ರಾಜ್ಯದಲ್ಲೇ ಇರಲಿಲ್ಲ. ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮನೆಯಲ್ಲಿ ಆಡುವುದು ಕನ್ನಡ, ಹಾಡುವುದು ಕನ್ನಡ. ಕಾಗದ ಪತ್ರದ ಕೆಲಸಕ್ಕೆ ಮಾತ್ರ ಕೊಯಮತ್ತೂರು! ಆಗ ಕನ್ನಡದ ಜನ ಹೀಗೆ ಚೆದುರಿ ಹೋಗಿದ್ದರು. ಕೆಲವರು ಮುಂಬಯಿ ರಾಜ್ಯದಲ್ಲಿ, ಕೆಲವರು ಹೈದರಾಬಾದಿನಲ್ಲಿ, ಕೆಲವರು ಮದ್ರಾಸಿನಲ್ಲಿ. ಕೊಡಗು ಬೇರೆಯೇ ಒಂದು ರಾಜ್ಯ. ಒಂದೇ ಭಾಷೆಯವರು ಒಂದೇ ರಾಜ್ಯದಲ್ಲಿ ಇರಬೇಕು ಅಂತ ಜನ ವರ್ಷಗಟ್ಟಲೆ ಹೋರಾಟ ಮಾಡಿದರು. 1956ರ ನವೆಂಬರ್ 1ರಂದು ಈ ಭಾಗಗಳು ಒಂದಾದವು. ಆ ದಿನವನ್ನೇ ನಾವು ರಾಜ್ಯೋತ್ಸವ ಅಂತ ಮಾಡುವುದು. ಕೊಳ್ಳೇಗಾಲ ನಮ್ಮ ಮೈಸೂರು ಜಿಲ್ಲೆಗೆ ಬಂತು. ಎಲ್ಲರಿಗೂ ಈ ಭಾಗ್ಯ ಸಿಗಲಿಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿ ಈಗಲೂ ಕನ್ನಡ ಶಾಲೆಗಳಿವೆ, ಕನ್ನಡ ಮಾತಾಡುವ ಮನೆಗಳಿವೆ.

ಆಮೇಲೆ 1997ರಲ್ಲಿ ರಾಜ್ಯದಲ್ಲಿ ಒಟ್ಟಿಗೆ 7 ಹೊಸ ಜಿಲ್ಲೆಗಳಾದವು. ನಮ್ಮ ಜಿಲ್ಲೆಯಿಂದ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ಬೇರೆಯಾಗಿ ಚಾಮರಾಜನಗರ ಜಿಲ್ಲೆ ಆಯಿತು. ಅದಾದ ಮೇಲೆ ಕೊಳ್ಳೇಗಾಲ ತಾಲ್ಲೂಕೂ ಎರಡಾಗಿ ಹನೂರು ತಾಲ್ಲೂಕು ಆಯಿತು. ಈಗ ಮಾದಪ್ಪನ ಬೆಟ್ಟ ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು.

ಯೋಚನೆ ಮಾಡಿ. ಅಜ್ಜಿ ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ. ಮಗಳು ಹುಟ್ಟಿದ್ದು ಮೈಸೂರು ಜಿಲ್ಲೆಯಲ್ಲಿ. ಮೊಮ್ಮಗಳು ಹುಟ್ಟಿದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಮೂವರೂ ಹುಟ್ಟಿದ ಮನೆ ಒಂದೇ, ಕೋಣೆಯೂ ಒಂದೇ!

ಇದನ್ನು ಯಾಕೆ ಇಷ್ಟು ಹೇಳುತ್ತೇವೆ ಅಂದರೆ, ನಿಮ್ಮಲ್ಲಿ ಬಹಳ ಜನ ಆ ಕಡೆಯಿಂದ ಮದುವೆಯಾಗಿ ಬಂದವರು. ನಿಮ್ಮ ಶಾಲೆಯ ಕಾಗದದಲ್ಲಿ ‘ಮೈಸೂರು ಜಿಲ್ಲೆ’ ಅಂತ ಇರುತ್ತದೆ. ಆಧಾರ್ ಚೀಟಿಯಲ್ಲಿ ತವರಿನ ವಿಳಾಸ ಇದ್ದರೆ ‘ಚಾಮರಾಜನಗರ ಜಿಲ್ಲೆ’ ಅಂತ ಇರುತ್ತದೆ. ಅದನ್ನು ನೋಡಿ ಯಾರಾದರೂ ‘ಇದು ತಪ್ಪು, ಹೊಂದುತ್ತಿಲ್ಲ’ ಅಂದರೆ ಹೆದರಬೇಡಿ. ‘1997ಕ್ಕೆ ಮುಂಚೆ ಅದು ಮೈಸೂರು ಜಿಲ್ಲೆ, ಆಮೇಲೆ ಬೇರೆ ಆಯಿತು’ ಅಂತ ಹೇಳಿ. ಹಳೆಯ ಕಾಗದವನ್ನು ತಿದ್ದಲು ಹೋಗಬೇಡಿ, ಹರಿಯಲೂ ಬೇಡಿ. ಅದು ಬರೆದ ದಿನಕ್ಕೆ ಸರಿಯಾಗೇ ಇತ್ತು.

ಜಿಲ್ಲೆಯನ್ನು ಯಾಕೆ ಒಡೆಯುತ್ತಾರೆ?

ಮುಖ್ಯ ಕಾರಣ ದೂರ. ಮಾದಪ್ಪನ ಬೆಟ್ಟದಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ಒಂದು ರುಜು ಬೇಕು ಅಂದರೆ ಅಲ್ಲಿಂದ ಬರಬೇಕಿತ್ತು. ಸಾಹೇಬರು ಆ ದಿನ ಇಲ್ಲ ಅಂದರೆ ರಾತ್ರಿ ಎಲ್ಲಿ ಉಳಿಯುವುದು? ಗಂಡಸರಾದರೆ ಬಸ್ ಸ್ಟ್ಯಾಂಡಿನಲ್ಲಿ ಟವೆಲ್ ಹಾಸಿ ಮಲಗುತ್ತಾರೆ. ಮಗು ಕಟ್ಟಿಕೊಂಡು ಬಂದ ಹೆಂಗಸು ಏನು ಮಾಡಬೇಕು?

ಬೇರೆ ದೇಶದವರೂ ಹೀಗೆ ಯೋಚಿಸಿದ್ದಾರೆ. ಫ್ರಾನ್ಸ್ ದೇಶದಲ್ಲಿ 1790ರಲ್ಲಿ ದೇಶವನ್ನು 83 ಭಾಗ ಮಾಡಿದರು. ಯಾರೇ ಆಗಲಿ ಕುದುರೆ ಮೇಲೆ ಒಂದು ದಿನದಲ್ಲಿ ಮುಖ್ಯ ಊರನ್ನು ಮುಟ್ಟುವ ಹಾಗೆ ಇರಬೇಕು ಅನ್ನುವುದು ಅವರ ಲೆಕ್ಕ. ನಮಗೆ ಕುದುರೆ ಬೇಡ, ಬಸ್ಸು ಸಾಕು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುವ ಹಾಗಿರಬೇಕು.

ಚಾಮರಾಜನಗರ ಜಿಲ್ಲೆ ಆದ ಮೇಲೆ ಗುಂಡ್ಲುಪೇಟೆ, ಯಳಂದೂರಿನವರಿಗೆ ಅನುಕೂಲ ಆಯಿತು. ಮಾದಪ್ಪನ ಬೆಟ್ಟದವರಿಗೆ? ಅವರಿಗೆ ಚಾಮರಾಜನಗರವೂ ಹತ್ತಿರ ಅಲ್ಲ. ಕೊಳ್ಳೇಗಾಲಕ್ಕೆ ಬಂದು ಮತ್ತೆ ಹೋಗಬೇಕು. ಅವರಿಗೆ ನಿಜವಾಗಿ ಹತ್ತಿರ ಬಂದದ್ದು ಹನೂರು ತಾಲ್ಲೂಕು ಕಚೇರಿ. ಜಿಲ್ಲೆ ಒಡೆದರೆ ಎಲ್ಲರ ಕಷ್ಟವೂ ತೀರುತ್ತದೆ ಅಂತ ಹೇಳೋಕೆ ಆಗಲ್ಲ. ಹೊಸ ಜಿಲ್ಲೆಗೆ ಕಟ್ಟಡ ಬೇಕು, ಅಧಿಕಾರಿಗಳು ಬೇಕು, ಆಸ್ಪತ್ರೆ ಬೇಕು. ಬೋರ್ಡು ಹಾಕಿದ ದಿನವೇ ಇವೆಲ್ಲ ಬರುವುದಿಲ್ಲ. ಈಗಲೂ ದೊಡ್ಡ ಕಾಯಿಲೆ, ಕಷ್ಟದ ಹೆರಿಗೆ ಅಂದರೆ ಆ ಕಡೆಯವರು ಬಹಳ ಜನ ಮೈಸೂರಿನ ಚೆಲುವಾಂಬ, ಕೆ.ಆರ್. ಆಸ್ಪತ್ರೆಗೇ ಬರುತ್ತಾರೆ.

ಯಾರ ಬಾಗಿಲು ತಟ್ಟಬೇಕು?

ಜಿಲ್ಲೆಗೆ ಜಿಲ್ಲಾಧಿಕಾರಿ. ಜನ ಡಿ.ಸಿ. ಅನ್ನುತ್ತಾರೆ. ಅವರ ಕೆಳಗೆ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ನಮ್ಮ ಜಿಲ್ಲೆಯಲ್ಲಿ ಮೈಸೂರು, ಹುಣಸೂರು ಅಂತ ಎರಡು ಉಪವಿಭಾಗ. ಅವರ ಕೆಳಗೆ ತಾಲ್ಲೂಕಿಗೆ ತಹಶೀಲ್ದಾರ್. ಹಳಬರು ಇವರನ್ನು ಅಮಲ್ದಾರ್ರು ಅಂತಿದ್ದರು. ಹೋಬಳಿಗೆ ಕಂದಾಯ ನಿರೀಕ್ಷಕರು. ನಾಡಕಚೇರಿ ಇರುವುದೂ ಹೋಬಳಿಯಲ್ಲೇ. ಹಳ್ಳಿಗೆ ಮೊದಲು ಪಟೇಲರು, ಶಾನುಭೋಗರು ಇದ್ದರು. ಅಪ್ಪನ ನಂತರ ಮಗ, ಹೀಗೆ ವಂಶದಲ್ಲೇ ನಡೆದು ಬರುತ್ತಿತ್ತು. 1961ರ ಒಂದು ಕಾಯ್ದೆ ಆ ಪದ್ಧತಿಯನ್ನು ತೆಗೆದು ಹಾಕಿತು. ಅವರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಅನ್ನುತ್ತಾರೆ.

ವಿಧವಾ ವೇತನ, ವೃದ್ಧಾಪ್ಯ ವೇತನ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಇವುಗಳಿಗೆ ಅರ್ಜಿ ಕೊಡಬೇಕಾದದ್ದು ನಾಡಕಚೇರಿಯಲ್ಲಿ. ಮೊದಲೇ ಡಿ.ಸಿ. ಹತ್ತಿರ ಓಡಬೇಕಿಲ್ಲ. ಕೆಳಗೆ ಕೆಲಸ ಆಗದಿದ್ದರೆ ತಹಶೀಲ್ದಾರ್, ಅಲ್ಲೂ ಆಗದಿದ್ದರೆ ಎ.ಸಿ., ಆಮೇಲೆ ಡಿ.ಸಿ. ಮೆಟ್ಟಿಲು ಹತ್ತುವ ಹಾಗೆ ಹತ್ತಬೇಕು. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೇಳಿ ತೆಗೆದುಕೊಳ್ಳಿ. ಅದರ ಮೇಲೆ ತಾರೀಖು ಇದೆಯೇ ಅಂತ ನೀವೇ ಓದಿ ನೋಡಿ.

ತವರು ಒಂದು ಕಡೆ, ಗಂಡನ ಮನೆ ಒಂದು ಕಡೆ

ಗಂಡಸರಲ್ಲಿ ಬಹಳ ಜನ ಹುಟ್ಟಿದ ತಾಲ್ಲೂಕಿನಲ್ಲೇ ಬಾಳಿ ಬದುಕುತ್ತಾರೆ. ಹೆಣ್ಣುಮಕ್ಕಳ ಕತೆ ಬೇರೆ. ಹುಟ್ಟಿದ್ದು ಒಂದು ತಾಲ್ಲೂಕು, ಸೇರಿದ್ದು ಇನ್ನೊಂದು. ಗೆರೆಯ ಕಷ್ಟ ನಮಗೇ ಹೆಚ್ಚು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಂಗಿಯ ವಿಷಯ ಕೇಳಿ. ಅವರು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಮಗಳನ್ನು ಶಾಲೆಗೆ ಸೇರಿಸಬೇಕಿತ್ತು. ಜನನ ಪ್ರಮಾಣಪತ್ರ ಬೇಕು ಅಂದರು. ಒಂದು ಕಚೇರಿಗೆ ಹೋದರು. ‘ಪುಸ್ತಕದಲ್ಲಿ ಹೆಸರಿಲ್ಲ’ ಅಂದರು. ಇನ್ನೊಂದು ದಿನ ಹೋದರು. ಅದೇ ಮಾತು. ಮೂರನೇ ದಿನವೂ ಅದೇ. ಮೂರು ದಿನದ ಕೂಲಿ ಹೋಯಿತು. ಅವರು ಅಳುತ್ತಾ ಬಂದು ಹೇಳಿದಾಗ ನಾವು ಒಂದೇ ಮಾತು ಕೇಳಿದೆವು. ‘ಹೆರಿಗೆ ಎಲ್ಲಾಯಿತು?’

‘ತವರಲ್ಲಿ. ನಂಜನಗೂಡು ಆಸ್ಪತ್ರೆಯಲ್ಲಿ.’

ವಿಷಯ ಇಷ್ಟೇ! ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ಪುಸ್ತಕದಲ್ಲೇ ಅದರ ಹೆಸರು ಬರುವುದು. ಅಪ್ಪ ಅಮ್ಮ ಇರುವ ಊರಿನ ಪುಸ್ತಕದಲ್ಲಿ ಅಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಹೀಗೆ ಹೇಳುತ್ತದೆ. ಮೈಸೂರಿನಲ್ಲಿ ಎಷ್ಟು ಹುಡುಕಿದರೂ ಆ ಹೆಸರು ಸಿಗುವುದಿಲ್ಲ. ಮೂರು ದಿನದಲ್ಲಿ ಒಬ್ಬರಾದರೂ ‘ಎಲ್ಲಿ ಹುಟ್ಟಿದ್ದು’ ಅಂತ ಅವರನ್ನು ಕೇಳಬಹುದಿತ್ತು, ಕೇಳಲಿಲ್ಲ. ಆ ತಂಗಿ ನಂಜನಗೂಡಿಗೆ ಹೋದರು. ಹೆಸರಿತ್ತು. ಪ್ರಮಾಣಪತ್ರ ತಂದರು. ಹುಡುಗಿ ಈಗ ಎರಡನೇ ತರಗತಿ.

ನಮ್ಮಲ್ಲಿ ಮೊದಲ ಬಾಣಂತನ ತವರಲ್ಲೇ. ಹಾಗಾಗಿ ಇದನ್ನು ನೆನಪಿಡಿ. ಮಗು ಹುಟ್ಟಿದ 21 ದಿನದೊಳಗೆ ಬರೆಸಿದರೆ ದುಡ್ಡು ಕೊಡಬೇಕಿಲ್ಲ. ಒಂದು ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ ತರಬೇಕಾಗುತ್ತದೆ, ಓಡಾಟ ಹೆಚ್ಚು. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ಮೊದಲೇ ತವರಿನವರು ಕಾಗದ ಕೈಗೆ ಕೊಟ್ಟು ಕಳಿಸಿದರೆ ಬಹಳ ಒಳ್ಳೆಯದು. ಸೀರೆ, ಕುಬಸದ ಜೊತೆ ಅದೂ ಇರಲಿ.

ಜಮೀನಿನದ್ದೂ ಹೀಗೆಯೇ. ತಂದೆಯ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಾಗೆಯೇ ಮಗಳಿಗೂ ಹಕ್ಕು ಬಂತು. ಮದುವೆ ಆಗಿದ್ದರೂ ಹಕ್ಕು ಹೋಗುವುದಿಲ್ಲ. ಮುಸಲ್ಮಾನ ಅಕ್ಕಂದಿರಿಗೆ ಅವರ ಧರ್ಮದ ಕಾನೂನಿನಲ್ಲಿ ಬೇರೆ ಲೆಕ್ಕದ ಪಾಲಿದೆ. ಆದರೆ ಆ ಜಮೀನಿನ ಪಹಣಿ ಎಲ್ಲಿ ಸಿಗುತ್ತದೆ? ಪಹಣಿಯ ಮೇಲೆ ಬರೆದಿರುವುದೇ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ಈ ಐದೂ ಗೊತ್ತಿದ್ದರೆ ಪಹಣಿ ಕೈಗೆ ಸಿಗುತ್ತದೆ. ‘ನಮ್ಮಪ್ಪನ ಹೊಲ ಹುಣಸೇಮರದ ಹತ್ತಿರ’ ಅಂದರೆ ಕಚೇರಿಯಲ್ಲಿ ಯಾರಿಗೂ ಗೊತ್ತಾಗಲ್ಲ. ಈ ಸಲ ತವರಿಗೆ ಹೋದಾಗ ಐದನ್ನೂ ಕೇಳಿ, ನಿಮ್ಮ ಕೈಯಾರೆ ಬರೆದುಕೊಂಡು ಬನ್ನಿ. ಅಣ್ಣ ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಪಟ್ಟಣದ ಗೆರೆಗಳು ಬೇರೆ

ಬನ್ನಿಮಂಟಪದವರಿಗೆ ಗ್ರಾಮ ಪಂಚಾಯಿತಿ ಇಲ್ಲ. ನಮಗೆ ಮೈಸೂರು ಮಹಾನಗರ ಪಾಲಿಕೆ. ನೀರು, ಚರಂಡಿ, ಬೀದಿ ದೀಪ, ಕಸ, ಮನೆ ಕಂದಾಯ ಎಲ್ಲಕ್ಕೂ ಪಾಲಿಕೆ. ಪಾಲಿಕೆ ತನ್ನ ಕೆಲಸಕ್ಕೆ ಊರನ್ನು ವಾರ್ಡುಗಳಾಗಿ ಮಾಡಿಕೊಂಡಿದೆ. 2018ರ ಚುನಾವಣೆಯಲ್ಲಿ 65 ವಾರ್ಡುಗಳಿದ್ದವು.

ಹಳ್ಳಿಯ ಕಡೆ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು. ಇವಕ್ಕೆ ಸದಸ್ಯರನ್ನು ಆರಿಸುವುದು ಜನ. ಕರ್ನಾಟಕದಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ಆದಾಗಲೇ ನೂರಕ್ಕೆ 25 ಜಾಗ ಹೆಂಗಸರಿಗೆ ಅಂತ ಇಟ್ಟಿದ್ದರು. ಆಗ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ಈ ಕೆಲಸಕ್ಕೆ ಬಹಳ ದುಡಿದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಅವರ ಹೆಸರಿನ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಈಗ ಪಂಚಾಯಿತಿಗಳಲ್ಲಿ ಹೆಂಗಸರ ಪಾಲು ಅರ್ಧ.

ಓಟಿನ ಗೆರೆ ಇನ್ನೂ ಬೇರೆ. ನಮ್ಮ ಜಿಲ್ಲೆಯಲ್ಲಿ 9 ತಾಲ್ಲೂಕು ಇದ್ದರೂ ವಿಧಾನಸಭೆಗೆ 11 ಕ್ಷೇತ್ರ. ನಂಜನಗೂಡು ಮೈಸೂರು ಜಿಲ್ಲೆಯಲ್ಲಿದೆ. ಆದರೆ ಅಲ್ಲಿಯವರು ಲೋಕಸಭೆಗೆ ಓಟು ಹಾಕುವುದು ಚಾಮರಾಜನಗರ ಕ್ಷೇತ್ರಕ್ಕೆ. ಕೃಷ್ಣರಾಜನಗರದವರು ಮಂಡ್ಯ ಕ್ಷೇತ್ರಕ್ಕೆ. ಕೊಡಗಿನವರು ನಮ್ಮ ಜೊತೆ. ಅಂಚೆಯವರಿಗೆ ಅವರದೇ ಲೆಕ್ಕ. ಬನ್ನಿಮಂಟಪದ ಪಿನ್ 570015. ಮಡಿಕೇರಿ, ಮಂಡ್ಯ, ನಂಜನಗೂಡು ಮೂರೂ 571ರಿಂದ ಶುರು. ಒಂದೇ ನೆಲದ ಮೇಲೆ ನಾಲ್ಕಾರು ಇಲಾಖೆಯವರು ನಾಲ್ಕಾರು ರಂಗೋಲಿ ಹಾಕಿದ್ದಾರೆ. ಒಂದರ ಗೆರೆ ಇನ್ನೊಂದಕ್ಕೆ ಕೂಡುವುದಿಲ್ಲ. ನಮಗೇ ತಲೆ ತಿರುಗುತ್ತದೆ, ನಿಮಗೆ ತಿರುಗಿದರೆ ಆಶ್ಚರ್ಯ ಇಲ್ಲ.

ಪೊಲೀಸರದ್ದೂ ಒಂದು ಗೆರೆ ಇದೆ. ಪಟ್ಟಣಕ್ಕೆ ಪೊಲೀಸ್ ಕಮಿಷನರ್, ಹಳ್ಳಿಗಳಿಗೆ ಜಿಲ್ಲೆಯ ಎಸ್.ಪಿ. ಆದರೆ ಈ ಗೆರೆಗೆ ನೀವು ಹೆದರಬೇಕಿಲ್ಲ. ಗಂಡ ಹೊಡೆದ, ಯಾರೋ ಮೈಮೇಲೆ ಕೈ ಹಾಕಿದ, ಮಗಳು ಕಾಣೆಯಾದಳು ಅಂತ ಠಾಣೆಗೆ ಹೋದಾಗ ‘ಇದು ನಮ್ಮ ಸರಹದ್ದಿಗೆ ಬರಲ್ಲ, ಆ ಠಾಣೆಗೆ ಹೋಗಿ’ ಅಂದರೆ ಒಪ್ಪಬೇಡಿ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಕಾನೂನು ಜಾರಿಯಲ್ಲಿದೆ. ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು ಅಂತ ಅದರಲ್ಲಿದೆ. ಬರೆದುಕೊಂಡ ಮೇಲೆ ಸರಿಯಾದ ಠಾಣೆಗೆ ಕಳಿಸುವುದು ಅವರ ಕೆಲಸ, ನಿಮ್ಮದಲ್ಲ. ದೂರಿನ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಅಪಾಯ ಬಂದಾಗ ಫೋನ್ ಮಾಡಲು ಎರಡು ನಂಬರು ಬಾಯಿಪಾಠ ಮಾಡಿ: 112 ಮತ್ತು 181. 181 ಹೆಂಗಸರಿಗೆಂದೇ ಇರುವುದು.

ರಸ್ತೆಯಲ್ಲಿ ನಿಂತು ಓದಿ

ಕೊನೆಗೆ ಒಂದು ಆಟ. ಬೆಂಗಳೂರು ರಸ್ತೆಯಲ್ಲಿ ನಿಂತು ಬಸ್ಸು, ಲಾರಿ, ಕಾರುಗಳ ನಂಬರು ನೋಡಿ. ಮೊದಲ ಎರಡು ಅಕ್ಷರ ಇಂಗ್ಲಿಷಿನಲ್ಲಿರುತ್ತವೆ. ಕೆ, ಎ ಅಂತ. ಅಂದರೆ ಕರ್ನಾಟಕದ ಗಾಡಿ. ಅದರ ಮುಂದೆ ಎರಡು ಅಂಕಿ ಇರುತ್ತದೆ. ಗಾಡಿಯನ್ನು ಎಲ್ಲಿ ಬರೆಸಿದ್ದಾರೆ ಅಂತ ಆ ಅಂಕಿ ಹೇಳುತ್ತದೆ. 09 ಮತ್ತು 55 ಅಂದರೆ ಮೈಸೂರು. 45 ಹುಣಸೂರು. 11 ಮಂಡ್ಯ. 12 ಕೊಡಗು. 13 ಹಾಸನ. 10 ಬಂದರೆ ಅದು ಚಾಮರಾಜನಗರದ ಗಾಡಿ, ಮಾದಪ್ಪನ ಬೆಟ್ಟದ ಕಡೆಯದು.